ಲಿಬರ್ಟೇರಿಯನ್ ಚಿಂತನೆಯ ಸೆಳೆತ ಮತ್ತು ಕೊರತೆ

ಪ್ರತಿಯೊಬ್ಬ ಮನುಷ್ಯನೂ ತನ್ನ ದೇಹಕ್ಕೆ, ತನ್ನ ದುಡಿಮೆಗೆ ತಾನೇ ಒಡೆಯ ಎಂಬುದು ಲಿಬರ್ಟೇರಿಯನ್ ಚಿಂತನೆಯ ತಳಹದಿ. ಯಾರೂ ಯಾರ ಮೇಲೂ ಬಲಪ್ರಯೋಗ ಮಾಡಬಾರದು, ಮೋಸ ಮಾಡಬಾರದು, ಕೊಟ್ಟ ಮಾತಿಗೆ ತಪ್ಪಬಾರದು. ಇಷ್ಟನ್ನು ಕಾಯಲು ಪೊಲೀಸರು, ನ್ಯಾಯಾಲಯ, ಸೈನ್ಯ ಇದ್ದರೆ ಸರ್ಕಾರದ ಕೆಲಸ ಮುಗಿಯಿತು. ಶಾಲೆ, ಆಸ್ಪತ್ರೆ, ಪಿಂಚಣಿಗಳನ್ನು ಜನ ಸ್ವಇಚ್ಛೆಯಿಂದ ಕೂಡಿ ಕಟ್ಟಿಕೊಳ್ಳಬೇಕೇ ಹೊರತು ಅದಕ್ಕಾಗಿ ಒಬ್ಬರ ಗಳಿಕೆಯನ್ನು ಕಸಿಯಬಾರದು ಎನ್ನುತ್ತದೆ ಈ ವಾದ.

ಇದರ ಬೇರು 17ನೇ ಶತಮಾನದ ಇಂಗ್ಲೆಂಡಿನ ಜಾನ್ ಲಾಕ್‌ನಲ್ಲಿದೆ. ಇಂದಿನ ರೂಪ ಸಿಕ್ಕಿದ್ದು ಹೆಚ್ಚಾಗಿ 20ನೇ ಶತಮಾನದ ಅಮೆರಿಕದಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಜಾನ್ ರಾಲ್ಸ್ 1971ರಲ್ಲಿ, ಸಮಾಜದ ಅಸಮಾನತೆಗಳು ಅತ್ಯಂತ ಕೆಳಗಿರುವವರಿಗೂ ಒಳಿತಾಗುವಂತಿದ್ದರೆ ಮಾತ್ರ ನ್ಯಾಯ ಎಂದು ವಾದಿಸಿದರು. ಅದೇ ವಿಶ್ವವಿದ್ಯಾಲಯದ ರಾಬರ್ಟ್ ನೋಜಿಕ್ 1974ರಲ್ಲಿ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ ಬರೆದು ಇದಕ್ಕೆ ಉತ್ತರ ಕೊಟ್ಟರು. ಅದರಲ್ಲಿ ಬರುವ ಒಂದು ಉದಾಹರಣೆ ಪ್ರಸಿದ್ಧ. ಸಮಾಜದಲ್ಲಿ ಸಂಪತ್ತು ನಿಮಗೆ ಸರಿಕಂಡ ರೀತಿಯಲ್ಲೇ ಹಂಚಿಕೆಯಾಗಿದೆ ಎಂದಿಟ್ಟುಕೊಳ್ಳಿ. ಬ್ಯಾಸ್ಕೆಟ್‌ಬಾಲ್ ತಾರೆ ವಿಲ್ಟ್ ಚೇಂಬರ್‌ಲೇನ್ ಆಟ ನೋಡಲು 10 ಲಕ್ಷ ಜನ ತಲಾ 25 ಸೆಂಟ್‌ಗಳನ್ನು ಸಂತೋಷದಿಂದ ಅವರಿಗೇ ಕೊಡುತ್ತಾರೆ. ಚೇಂಬರ್‌ಲೇನ್ ಕೈಗೆ ಎರಡೂವರೆ ಲಕ್ಷ ಡಾಲರ್ ಸೇರುತ್ತದೆ. ಮೊದಲ ಹಂಚಿಕೆ ನ್ಯಾಯ, ಕೊಟ್ಟವರು ಮನಸಾರೆ ಕೊಟ್ಟಿದ್ದಾರೆ. ಹಾಗಾದರೆ ಅನ್ಯಾಯ ನುಸುಳಿದ್ದು ಎಲ್ಲಿ? ಸಮಾನತೆಯನ್ನು ಉಳಿಸಿಕೊಳ್ಳಬೇಕಾದರೆ ಸರ್ಕಾರ ಜನರ ದಿನನಿತ್ಯದ ಕೊಡುಕೊಳ್ಳುವಿಕೆಯಲ್ಲಿ ಸದಾ ಕೈಹಾಕುತ್ತಲೇ ಇರಬೇಕಾಗುತ್ತದೆ ಎಂಬುದು ನೋಜಿಕ್ ತೀರ್ಮಾನ.

ಈ ವಾದಕ್ಕೆ ಒಲಿದವರೆಲ್ಲ ಹಣವಂತರ ವಕೀಲರೆಂದು ತಳ್ಳಿಹಾಕುವುದು ಸರಿಯಲ್ಲ. ಒಲ್ಲದ ಯುವಕರನ್ನು ಸೈನ್ಯಕ್ಕೆ ಎಳೆದೊಯ್ಯುವ ಅಮೆರಿಕದ ಕಡ್ಡಾಯ ಭರ್ತಿಯನ್ನು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಪಟ್ಟುಹಿಡಿದು ವಿರೋಧಿಸಿದರು. 1973ರಲ್ಲಿ ಅದು ನಿಂತಿತು. ಭಾರತದಲ್ಲಿ ಪೂರ್ತಿ ಲಿಬರ್ಟೇರಿಯನ್ ಎನ್ನಬಹುದಾದ ದೊಡ್ಡ ಪಕ್ಷ ಬೆಳೆಯಲಿಲ್ಲ. ಆದರೆ ರಾಜಾಜಿ 1959ರಲ್ಲಿ ಸ್ಥಾಪಿಸಿದ ಸ್ವತಂತ್ರ ಪಕ್ಷ ಅದರ ಹತ್ತಿರದ ನೆಂಟ. ಕಾರ್ಖಾನೆ ತೆರೆಯಲು, ಉತ್ಪಾದನೆ ಹೆಚ್ಚಿಸಲು ಅಧಿಕಾರಿಗಳ ಅಪ್ಪಣೆಗೆ ಕಾಯಬೇಕಿದ್ದ ವ್ಯವಸ್ಥೆಯನ್ನು ರಾಜಾಜಿ ‘ಲೈಸೆನ್ಸ್-ಪರ್ಮಿಟ್ ರಾಜ್’ ಎಂದು ಕರೆದರು. 1967ರಲ್ಲಿ ಆ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಗೆದ್ದಿತು. ಅಧಿಕಾರಿಯ ಒಂದು ಸಹಿಗಾಗಿ ಅಲೆದವರಿಗೆ ಈ ಸಿಟ್ಟು ಅರ್ಥವಾಗುತ್ತದೆ. ಅಧಿಕಾರವು ಪ್ರಜೆಯ ಬದುಕಿನೊಳಗೆ ಕಾಲಿಡುವ ಮುನ್ನ ಕಾರಣ ಕೊಡಬೇಕು ಎಂಬುದು ಈ ಚಿಂತನೆಯ ದೊಡ್ಡ ಕೊಡುಗೆ, ಅದನ್ನು ಬಿಟ್ಟುಕೊಡುವಂತಿಲ್ಲ.

ತೊಡಕು ಶುರುವಾಗುವುದು ‘ನನ್ನದು’ ಎಂಬುದು ಮೊದಲಿಗೆ ನನ್ನದಾದದ್ದು ಹೇಗೆ ಎಂದು ಕೇಳಿದಾಗ. ಯಾರಿಗೂ ಸೇರದ ನೆಲದಲ್ಲಿ ದುಡಿದವನು ಅದರ ಒಡೆಯನಾಗುತ್ತಾನೆ, ಆದರೆ ಉಳಿದವರಿಗೂ ಸಾಕಷ್ಟು ಒಳ್ಳೆಯ ನೆಲ ಮಿಕ್ಕಿರಬೇಕು ಎಂದಿದ್ದ ಲಾಕ್. ಅಮೆರಿಕದ ನೆಲವೇನೂ ಖಾಲಿ ಇರಲಿಲ್ಲ. ಬಹುಪಾಲನ್ನು ಮೂಲನಿವಾಸಿಗಳಿಂದ ಕಿತ್ತುಕೊಳ್ಳಲಾಗಿತ್ತು. ದಕ್ಷಿಣದ ಹತ್ತಿ ತೋಟಗಳ ಸಂಪತ್ತು ಗುಲಾಮರ ಬೆವರಿನದು. ಹಿಂದಿನ ಅನ್ಯಾಯದಿಂದ ಬಂದ ಆಸ್ತಿಯನ್ನು ಸರಿಪಡಿಸಬೇಕೆಂಬ ತತ್ವವನ್ನು ನೋಜಿಕ್ ಒಪ್ಪಿದ್ದರು, ಆದರೆ ಅದನ್ನು ಜಾರಿಗೆ ತರುವ ಬಗೆಯನ್ನು ವಿವರಿಸಲಿಲ್ಲ. ಆ ಒಂದು ತತ್ವವನ್ನು ಪ್ರಾಮಾಣಿಕವಾಗಿ ಅನ್ವಯಿಸಿದರೂ ಈಗಿನ ಆಸ್ತಿ ಹಕ್ಕುಗಳ ಪಾಯವೇ ಅಲುಗಾಡುತ್ತದೆ. ಅದೇ 1974ರಲ್ಲಿ ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂದು ಗೇಣಿದಾರರಿಗೆ ಒಡೆತನದ ದಾರಿ ತೆರೆಯಿತು. ಜಮೀನುದಾರನ ಹಕ್ಕನ್ನಷ್ಟೇ ನೋಡಿದರೆ ಅದು ಸರ್ಕಾರದ ಬಲಪ್ರಯೋಗ. ಆ ಜಮೀನು ಕೆಲವೇ ಜಾತಿಗಳ ಕೈಯಲ್ಲಿ ಉಳಿದು, ತಲೆಮಾರುಗಳಿಂದ ಉತ್ತವರಿಗೆ ದಕ್ಕದೇ ಹೋದ ಚರಿತ್ರೆಯನ್ನು ನೋಡಿದರೆ, ನೋಜಿಕ್ ಹೇಳಿಯೂ ಬಿಡಿಸದೆ ಬಿಟ್ಟ ಸರಿಪಡಿಸುವಿಕೆಯ ಒಂದು ರೂಪ ಅದು.

ಇನ್ನೊಂದು ಕೊರತೆ, ಬಲವಂತ ಎಂದರೆ ಲಾಠಿ ಮತ್ತು ತೆರಿಗೆ ನೋಟಿಸು ಮಾತ್ರ ಎಂದು ಭಾವಿಸುವುದು. ಬೇಕರಿ ಕಾರ್ಮಿಕರ ದುಡಿಮೆಗೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಯ ಮಿತಿ ಹಾಕಿದ್ದ ನ್ಯೂಯಾರ್ಕ್ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1905ರಲ್ಲಿ ರದ್ದುಮಾಡಿತು. ಕಾರ್ಮಿಕನಿಗೂ ಮಾಲೀಕನಿಗೂ ಒಪ್ಪಂದದ ಸ್ವಾತಂತ್ರ್ಯವಿದೆ ಎಂಬುದು ಕಾರಣ. ಬೇರೆ ಗತಿಯಿಲ್ಲದೆ ಒಲೆಯ ಮುಂದೆ ಬೇಯುವವನ ‘ಒಪ್ಪಿಗೆ’ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಗೆ ಆ ತೀರ್ಪಿನ ಬಳಿ ಉತ್ತರವಿರಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ವಿರುದ್ಧ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಮತ ಹಾಕಿದ್ದೂ ಇದೇ ಜಾಡಿನಲ್ಲಿ: ಖಾಸಗಿ ಹೋಟೆಲು, ಉದ್ಯೋಗಗಳಲ್ಲಿ ಯಾರನ್ನು ಸೇರಿಸಬೇಕೆಂದು ಕೇಂದ್ರ ಸರ್ಕಾರ ಹೇಳುವಂತಿಲ್ಲ ಎಂದು ಅವರು ನಂಬಿದ್ದರು. ಭಾರತದ ಸಂವಿಧಾನ ಈ ವಿಷಯದಲ್ಲಿ ತಡವರಿಸಲಿಲ್ಲ. ಅಂಗಡಿ, ಹೋಟೆಲುಗಳಿಗೆ ಜಾತಿಯ ಕಾರಣಕ್ಕೆ ಪ್ರವೇಶ ನಿರಾಕರಿಸುವುದನ್ನು 15ನೇ ವಿಧಿ ತಡೆಯುತ್ತದೆ, 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದುಮಾಡುತ್ತದೆ. ಊರ ಬಾವಿಯಿಂದ ಜನರನ್ನು ದೂರವಿಟ್ಟದ್ದು ಸರ್ಕಾರಕ್ಕಿಂತ ಹೆಚ್ಚಾಗಿ ನೆರೆಹೊರೆಯವರೇ. ಅಂಥ ಕಡೆ ಸರ್ಕಾರ ಸುಮ್ಮನಿದ್ದರೆ ಸ್ವಾತಂತ್ರ್ಯ ಉಳಿಯುವುದು ಕೆಲವರಿಗಷ್ಟೇ.

ಕಾರ್ಖಾನೆಯ ಹೊಗೆ, ಕೆಡುವ ಹವಾಮಾನದಂಥ ಸಮಸ್ಯೆಗಳೂ ವ್ಯಕ್ತಿ ವ್ಯಕ್ತಿಗಳ ಒಪ್ಪಂದಕ್ಕೆ ನಿಲುಕುವುದಿಲ್ಲ; ಕೋಟ್ಯಂತರ ಜನ ಒಂದೆಡೆ ಕೂತು ಪರಿಹಾರ ಕುದುರಿಸುವಂತಿಲ್ಲ.

ನೋಜಿಕ್ ಕೂಡ ತಮ್ಮ ಹಳೆಯ ನಿಲುವಿನಲ್ಲಿ ಹಾಗೆಯೇ ನಿಲ್ಲಲಿಲ್ಲ. 1989ರ ‘ದಿ ಎಕ್ಸಾಮಿನ್ಡ್ ಲೈಫ್’ ಕೃತಿಯಲ್ಲಿ, ಅದು ಗಂಭೀರವಾಗಿ ಸಾಲದ್ದೆಂದು ಈಗ ಕಾಣುತ್ತಿದೆ ಎಂದು ಬರೆದರು. ಆಸ್ತಿಯನ್ನು ಮಕ್ಕಳಿಗೆ ಬಿಟ್ಟುಹೋಗುವ ಹಕ್ಕಿಗೂ ಅಲ್ಲಿ ಮಿತಿ ಸೂಚಿಸಿದರು: ಒಬ್ಬ ವ್ಯಕ್ತಿ ತಾನು ಪಿತ್ರಾರ್ಜಿತವಾಗಿ ಪಡೆದದ್ದರ ಮೌಲ್ಯವನ್ನು ಕಳೆದು, ತಾನೇ ಗಳಿಸಿದ್ದನ್ನು ಮಾತ್ರ ಮುಂದಿನವರಿಗೆ ದಾಟಿಸಬಹುದು.