ಹಳೆಯ ಆಟಕ್ಕೆ ಹೊಸ ಅಂಗಳ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮನೆಗಳಲ್ಲಿ ಶಹಾಬಾದಿನ ಫರಸಿಕಲ್ಲಿನ ನೆಲವೇ ಮಕ್ಕಳಿಗೆ ಆಟದ ಹಾಸು. ಸೀಮೆಸುಣ್ಣದ ತುಂಡಿನಿಂದ ಮನೆಗಳನ್ನು ಗೀರಿ, ನಾಲ್ಕು ಕವಡೆಗಳನ್ನೋ ಒಡೆದ ಹುಣಸೆಬೀಜಗಳನ್ನೋ ಎಸೆದರೆ ಚೌಕಾಬಾರ ಆರಂಭವಾಯಿತೆಂದೇ ಅರ್ಥ. ಅಜ್ಜಿ ಆಡಿದ ಆಟವನ್ನು ಮೊಮ್ಮಗಳೂ ಅದೇ ಕಲ್ಲಿನ ಮೇಲೆ ಆಡಬಲ್ಲಳು. ಆದರೆ ಆ ಹುಡುಗಿಯ ತಂದೆ, ತಾನು ಬಾಲ್ಯದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಆಡಿದ ಆಟವನ್ನು ಮಗಳಿಗೆ ತೋರಿಸಲು ಹೊರಟರೆ, ಮನೆಯ ಹೊಚ್ಚಹೊಸ ಯಂತ್ರವು ತನ್ನಿಂದಾಗದೆಂದು ಕೈಚೆಲ್ಲುತ್ತದೆ. ಶತಮಾನಗಳ ಆಟ ಉಳಿದು, ಮೂವತ್ತೈದು ವರ್ಷಗಳ ಆಟ ಅಳಿಯುವುದೇಕೆ?

ಚೌಕಾಬಾರಕ್ಕೆ ಯಾವ ಕಲ್ಲಾದರೂ ಸರಿ. ಕಂಪ್ಯೂಟರಿನ ಆಟಕ್ಕೆ ಹಾಗಲ್ಲ. ಅದು ಹುಟ್ಟಿದ ಯಂತ್ರವೇ ಅದರ ಅಂಗಳ. ೧೯೮೧ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನ ವೇಗ ೪.೭೭ ಮೆಗಾಹರ್ಟ್ಸ್ ಮಾತ್ರ. ಅಂದಿನ ಅನೇಕ ಆಟಗಳು ಯಂತ್ರದ ವೇಗವನ್ನೇ ಗಡಿಯಾರವೆಂದು ನಂಬಿದ್ದವು. ಯಂತ್ರ ಚುರುಕಾದಂತೆ ಆಟವೂ ಓಟ ಕಿತ್ತು, ಆಡುವವನು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತಿತ್ತು. ವೇಗವನ್ನು ತಗ್ಗಿಸಲೆಂದೇ ಕೆಲವು ಯಂತ್ರಗಳಿಗೆ 'ಟರ್ಬೋ' ಎಂಬ ಗುಂಡಿಯಿರುತ್ತಿತ್ತು. ಇದಲ್ಲದೆ, ಡಾಸ್ ವ್ಯವಸ್ಥೆಗಾಗಿ ಬರೆದ ೧೬ ಬಿಟ್ಟಿನ ಆಟಗಳನ್ನು ಇಂದಿನ ೬೪ ಬಿಟ್ಟಿನ ವಿಂಡೋಸ್ ನೇರವಾಗಿ ನಡೆಸಲಾರದು.

ಇದಕ್ಕೆ ಪರಿಹಾರವಿಲ್ಲದಿಲ್ಲ. ಹಾಲೆಂಡಿನ ಇಬ್ಬರು ತಂತ್ರಜ್ಞರು ಆರಂಭಿಸಿದ 'ಡಾಸ್‌ಬಾಕ್ಸ್' ಎಂಬ ಉಚಿತ ತಂತ್ರಾಂಶವು ೨೦೦೨ರಲ್ಲಿ ಹೊರಬಂದಿತು. ಬಯಲಾಟದ ನಟನು ವೇಷ ಕಟ್ಟಿ ರಾಜನಾಗುವಂತೆ, ಇದರ ನೆರವಿನಿಂದ ಹೊಸ ಯಂತ್ರವು ಹಳೆಯ ಯಂತ್ರದ ವೇಷ ಧರಿಸುತ್ತದೆ. ಅದರ ನಡಿಗೆ, ಬಣ್ಣ, ಧ್ವನಿ ಎಲ್ಲವನ್ನೂ ಅನುಕರಿಸುತ್ತದೆ. ವಿಧಾನವೂ ಕಠಿಣವಲ್ಲ. ಆಟದ ಕಡತಗಳನ್ನು ಪ್ರತ್ಯೇಕವಾದ ಫೋಲ್ಡರಿನಲ್ಲಿರಿಸಿ, 'ಮೌಂಟ್' ಎಂಬ ಆಜ್ಞೆಯಿಂದ ಅದನ್ನೇ 'ಸಿ' ಡ್ರೈವ್ ಎಂದು ಡಾಸ್‌ಬಾಕ್ಸಿಗೆ ನಂಬಿಸಬೇಕು. ಬಳಿಕ ಆ ಡ್ರೈವಿಗೆ ಹೋಗಿ ಆಟದ ಹೆಸರನ್ನು ಟೈಪ್ ಮಾಡಿದರೆ ಪರದೆ ಏಳುತ್ತದೆ. ಓಟ ಅತಿಯಾದರೆ 'ಕಂಟ್ರೋಲ್' ಕೀಲಿಯೊಡನೆ 'ಎಫ್ ೧೧' ಒತ್ತಿ ತಗ್ಗಿಸಬಹುದು. 'ಎಫ್ ೧೨' ಒತ್ತಿ ಏರಿಸಬಹುದು.

ಆದರೆ ವೇಷ ಕಟ್ಟುವುದಕ್ಕೆ ಮೊದಲು ಆಟದ ಪ್ರತಿಯೇ ಉಳಿದಿರಬೇಕಲ್ಲವೆ? ಇಲ್ಲಿದೆ ನಿಜವಾದ ಅಪಾಯ. 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಪ್ರಸಿದ್ಧ ಆಟದ ಕಥೆಯನ್ನೇ ನೋಡಬಹುದು. ಜೋರ್ಡನ್ ಮೆಕ್ನರ್ ಎಂಬ ತರುಣ ೧೯೮೯ರಲ್ಲಿ ಅದನ್ನು ಹೊರತಂದನು. ತನ್ನ ತಮ್ಮನ ಓಟ ಜಿಗಿತಗಳನ್ನು ಚಿತ್ರೀಕರಿಸಿ, ಅದನ್ನೇ ತಿದ್ದಿ ರಾಜಕುಮಾರನ ಚಲನೆಯನ್ನು ರಚಿಸಿದ್ದನು. ಸಂಗೀತ ಅವನ ತಂದೆಯದು. ಅರವತ್ತು ನಿಮಿಷಗಳೊಳಗೆ ರಾಜಕುಮಾರಿಯನ್ನು ಬಿಡಿಸಬೇಕಾದ ಆ ಆಟ ಜಗತ್ತನ್ನೆಲ್ಲ ಸುತ್ತಿತು. ಆದರೆ ಆತ ಕೈಯಾರೆ ಬರೆದ ಮೂಲ ಕ್ರಮವಿಧಿ ಕಾಣೆಯಾಯಿತು! ಕೊನೆಗೆ ೨೦೧೨ರಲ್ಲಿ ತಂದೆಯ ಮನೆಯ ಕಪಾಟಿನೊಳಗಿನ ಪೆಟ್ಟಿಗೆಯಲ್ಲಿ ಹಳೆಯ ಫ್ಲಾಪಿಗಳು ದೊರೆತವು. ಎರಡು ದಶಕ ಕಳೆದ ಆ ತಟ್ಟೆಗಳ ಕಾಂತೀಯ ಲೇಪ ಇನ್ನೂ ಓದಲು ಬರುವುದೇ ಎಂಬ ಆತಂಕವಿತ್ತು. ಹಳೆಯ ಯಂತ್ರಗಳನ್ನು ಬಲ್ಲವರು ಬಂದು, ಎಚ್ಚರಿಕೆಯಿಂದ ನಕಲು ತೆಗೆದರು. ಮೂಲ ಉಳಿಯಿತು.

ಎಲ್ಲ ಆಟಗಳಿಗೂ ಇಂಥ ಅದೃಷ್ಟವಿಲ್ಲ. ೨೦೧೦ಕ್ಕೆ ಮೊದಲು ಅಮೆರಿಕದಲ್ಲಿ ಪ್ರಕಟವಾದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಮಾರಾಟಕ್ಕೆ ಸಿಗುತ್ತಿಲ್ಲವೆಂದು ೨೦೨೩ರ ಅಧ್ಯಯನವೊಂದು ತಿಳಿಸಿತು.

ಸೇಡಂ ತಾಲ್ಲೂಕಿನವರಿಗೆ ಈ ಮಾತು ಹೊಸದಲ್ಲ. ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ದ ಮೊದಲ ಓಲೆಗಳು ಇಂದಿಲ್ಲ. ಹಳೆಯ ಗರಿ ಶಿಥಿಲವಾಗುವ ಮೊದಲೇ ಹೊಸ ಗರಿಗೆ ನಕಲು ಮಾಡಿದ ಲಿಪಿಕಾರರ ಪರಂಪರೆಯಿಂದಾಗಿ ಆ ಗ್ರಂಥ ೧೮೯೮ರಲ್ಲಿ ಅಚ್ಚಿನ ಮನೆಯನ್ನು ಮುಟ್ಟಿತು. ಓಲೆ ಹೋಯಿತು, ಕೃತಿ ಉಳಿಯಿತು.

ಭಾರತದ ಕೃತಿಸ್ವಾಮ್ಯ ಕಾನೂನು ಕಂಪ್ಯೂಟರ್ ಕ್ರಮವಿಧಿಯನ್ನೂ ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. ಆದ್ದರಿಂದ ಆಟ ಹಳೆಯದಾದ ಮಾತ್ರಕ್ಕೆ ಅದು ಎಲ್ಲರ ಸ್ವತ್ತಾಗುವುದಿಲ್ಲ. ಕೊಂಡ ಪ್ರತಿಯನ್ನೋ, ಒಡೆಯರೇ ಬಿಟ್ಟುಕೊಟ್ಟ ಪ್ರತಿಯನ್ನೋ ಬಳಸುವುದು ಲೇಸು.

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಫ್ಲಾಪಿಗಳಿರುವ ಮನೆಯವರು ನಾಳೆಗೆಂದು ತಡೆಯಬಾರದು. ಯುಎಸ್‌ಬಿಗೆ ಜೋಡಿಸುವ ಫ್ಲಾಪಿ ಡ್ರೈವಿನಿಂದ ಮೂರೂವರೆ ಅಂಗುಲದ ತಟ್ಟೆಗಳನ್ನು ನಕಲಿಸಿಕೊಳ್ಳಬಹುದು. ತಟ್ಟೆಯೊಂದರಲ್ಲಿರುವುದು ೧.೪೪ ಮೆಗಾಬೈಟ್, ಇಂದಿನ ಒಂದು ಛಾಯಾಚಿತ್ರಕ್ಕೂ ಅದು ಸಾಲದು. ಆದರೆ ಒಬ್ಬ ತಂದೆಯ ಬಾಲ್ಯಕ್ಕೆ ಅಷ್ಟು ಸ್ಥಳ ಸಾಕಾಗಿತ್ತು.