ಅಲಂಕಾರಿಕ ಮೀನು ಮಾರಾಟ: ಕಾನೂನು ಮತ್ತು ಲೆಕ್ಕಾಚಾರ

ಅಕ್ವೇರಿಯಂ ಅಂಗಡಿಗಳಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ್ದ ನಿಯಮಗಳು ಬಳಿಕ ಹಿಂತೆಗೆಯಲ್ಪಟ್ಟವು. ಆದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಅಲಂಕಾರಿಕ ಮೀನು ವರ್ತಕರು ಹೊಣೆಯಿಂದ ಮುಕ್ತರಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದಲ್ಲಿ ಮನುಷ್ಯನ ಹೊರತು ಪ್ರತಿ ಜೀವಿಯೂ 'ಪ್ರಾಣಿ'ಯೇ. ಚಲನೆಗೆ ಸಾಲದ ಇಕ್ಕಟ್ಟಿನಲ್ಲಿ ಇಡುವುದು 11ನೇ ಪ್ರಕರಣದನ್ವಯ ಅಪರಾಧ.

ಮೊದಲ ಸಲದ ದಂಡ 50 ರೂಪಾಯಿ ಮೀರದು. ದೊಡ್ಡ ನಷ್ಟ ದಾಸ್ತಾನಿನದು. ತ್ಯಾಜ್ಯ ಹಾಗೂ ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ಮೀನಿಗೆ ವಿಷ. ಅದನ್ನು ನಿವಾರಿಸುವ ಬ್ಯಾಕ್ಟೀರಿಯಾ ಹೊಸ ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಕೆಲವೇ ಮೀನುಗಳನ್ನು ಬಿಡತಕ್ಕದ್ದು. ನಲ್ಲಿ ನೀರಿನ ಕ್ಲೋರಿನ್ ಕಳೆಯಬೇಕು. ಕೊಳವೆಬಾವಿ ನೀರಿನ ಗಡಸುತನ ಪರೀಕ್ಷಿಸಬೇಕು. ಸತ್ತ ಮೀನುಗಳ ಸಂಖ್ಯೆಯನ್ನು ತೊಟ್ಟಿವಾರು ದಾಸ್ತಾನು ಪುಸ್ತಕದಲ್ಲಿ ಬರೆದಿಟ್ಟರೆ ದೋಷ ಯಾವ ತೊಟ್ಟಿಯಲ್ಲಿದೆಯೆಂಬುದು ತಿಳಿಯುತ್ತದೆ.