ಮಕ್ಕಳ ಕೈಯಲ್ಲಿ ಫೋನು: ಕಲಿಸಬೇಕಾದುದೇನು?

ಹಿಂದೆ ಮನೆಯ ಹಣ ಟ್ರಂಕಿನಲ್ಲಿ, ಕಾಗದಪತ್ರ ಗೋಡೆಯ ಗೂಡಿನಲ್ಲಿ, ಊರಿನ ಸುದ್ದಿ ಅಂಚೆಯವನ ಚೀಲದಲ್ಲಿ ಇರುತ್ತಿದ್ದವು. ಇಂದು ಈ ಮೂರೂ ಒಂದೇ ಫೋನಿನೊಳಗೆ ಸೇರಿಕೊಂಡಿವೆ. ಸಂಬಳ ಬಂದದ್ದು ತಿಳಿಯುವುದು ಅದರಿಂದ. ಊರಿನಲ್ಲಿರುವ ತಾಯಿಗೆ ಹಣ ಕಳುಹಿಸುವುದು ಅದರಿಂದ. ಶಾಲೆಯ ಸೂಚನೆ ಬರುವುದೂ ಅದಕ್ಕೇ. 2020ರಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವೂ ಅದರೊಳಗೆ ಬಂದಿತು. ಅಂದಿನಿಂದ ಅನೇಕ ಮನೆಗಳಲ್ಲಿ ಸಂಜೆಯ ಹೊತ್ತು ಆ ಫೋನು ಆರೇಳು ವರ್ಷದ ಮಗುವಿನ ಕೈಯಲ್ಲಿರುತ್ತದೆ. ಟ್ರಂಕಿನ ಬೀಗದ ಕೈಯನ್ನು ಮಗುವಿಗೆ ಆಡಲು ಕೊಡದ ನಾವು ಇದನ್ನು ಮಾತ್ರ ಹಿಂದೆಮುಂದೆ ನೋಡದೆ ಕೊಡುತ್ತಿದ್ದೇವೆ.

ಈ ಮಾತನ್ನೆತ್ತಿದರೆ ಅನೇಕ ತಂದೆತಾಯಿಗಳು, "ನಮಗೆ ಇಂಗ್ಲಿಷೂ ಬಾರದು, ಕಂಪ್ಯೂಟರೂ ಬಾರದು, ನಮಗಿಂತ ಹುಡುಗನಿಗೇ ಹೆಚ್ಚು ಗೊತ್ತು" ಎಂದುಬಿಡುತ್ತಾರೆ. ಇದು ಅರ್ಧ ಮಾತ್ರ ನಿಜ. ಬೆರಳಾಡಿಸುವುದು ಮಗುವಿಗೆ ಗೊತ್ತು. ಯಂತ್ರ ಹೇಗೆ ಕೆಲಸ ಮಾಡುತ್ತದೆ, ಆಚೆಯ ಬದಿಯಲ್ಲಿ ಯಾರಿದ್ದಾರೆ ಎಂಬುದು ಗೊತ್ತಿಲ್ಲ. ಬಸ್ಸಿನ ಹಾರನ್ನು ಒತ್ತಬಲ್ಲವನೆಲ್ಲ ಬಸ್ಸು ನಡೆಸಬಲ್ಲವನಲ್ಲ. ಆ ತಿಳಿವಳಿಕೆಯನ್ನು ಕೊಡುವುದಕ್ಕೆ ಇಂಗ್ಲಿಷು ಬೇಕಾಗಿಲ್ಲ. ಮೊದಮೊದಲು ಫೋನು ಕೂಡ ಬೇಕಾಗಿಲ್ಲ. ಮನೆಮಾತಿನಲ್ಲಿಯೇ ಕಲಿಸಬಹುದು.

ಕಂಪ್ಯೂಟರು ಎಂದರೇನು? ಹೇಳಿದ್ದನ್ನು ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಮಾಡುವ ಯಂತ್ರ. ಅದಕ್ಕೆ ಊಹೆಯಿಲ್ಲ, ದಾಕ್ಷಿಣ್ಯವಿಲ್ಲ. ಇದನ್ನು ಮಗುವಿಗೆ ಮನಗಾಣಿಸಲು ಒಂದು ಆಟ ಸಾಕು. ತಂದೆ ಯಂತ್ರವಾಗಿ ನಿಲ್ಲಲಿ. ಮಗು ಅಪ್ಪಣೆ ಕೊಡಲಿ. "ನಾಲ್ಕು ಹೆಜ್ಜೆ ಮುಂದೆ ಹೋಗು, ಬಲಕ್ಕೆ ತಿರುಗು" ಎಂದರೆ ಅಷ್ಟನ್ನೇ ಮಾಡಬೇಕು. ಎದುರಿಗೆ ಗೋಡೆಯಿದ್ದರೂ "ನಿಲ್ಲು" ಎನ್ನುವ ತನಕ ನಿಲ್ಲಬಾರದು. ಮಗು ನಗುತ್ತದೆ, ನಗುತ್ತಲೇ ತನ್ನ ಅಪ್ಪಣೆಯಲ್ಲಿ ಎಲ್ಲಿ ತಪ್ಪಿತೆಂದು ಹುಡುಕುತ್ತದೆ. ಅದೇ ಅಪ್ಪಣೆಯನ್ನು ನಾಲ್ಕು ಬಾರಿ ಹೇಳಿದರೆ ಅಪ್ಪ ಚೌಕವಾಗಿ ತಿರುಗಿ ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. ಕ್ರಮವಾಗಿ ಹೇಳುವುದು, ಒಂದನ್ನೇ ಮತ್ತೆ ಮತ್ತೆ ಮಾಡಿಸುವುದು, ತಪ್ಪನ್ನು ಹುಡುಕಿ ತಿದ್ದುವುದು: ಕಂಪ್ಯೂಟರು ವಿದ್ಯೆಯ ಅಡಿಗಲ್ಲುಗಳು ಇವೇ.

ಇದು ನಮ್ಮ ಕಲ್ಪನೆಯಲ್ಲ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಅವರ ಜೊತೆಗಾರರು ಮಕ್ಕಳಿಗೆಂದೇ "ಲೋಗೋ" ಎಂಬ ಕಂಪ್ಯೂಟರು ಭಾಷೆಯನ್ನು ರಚಿಸಿದರು. ಮುಂದೆ ಅದಕ್ಕೆ "ಆಮೆ" ಎಂದು ಕರೆಯುವ ಪುಟ್ಟ ಯಂತ್ರವೊಂದು ಸೇರಿತು. ಮಗು ಹೇಳಿದಂತೆ ಅದು ಮುಂದೆ ಹೋಗಿ, ತಿರುಗಿ, ನೆಲದ ಮೇಲೆ ಗೆರೆ ಎಳೆಯುತ್ತಿತ್ತು. ಇಂಗ್ಲೆಂಡಿನ ಪಾಠಕ್ರಮದಲ್ಲಿ 2014ರಿಂದ ಐದು ವರ್ಷದ ಮಕ್ಕಳಿಗೇ ಈ ವಿದ್ಯೆಯ ಮೊದಲ ಪಾಠ ಸೇರಿದೆ. ನಮ್ಮ ದೇಶದ 2020ರ ಶಿಕ್ಷಣ ನೀತಿಯು ಕೋಡಿಂಗನ್ನು ಆರನೆಯ ತರಗತಿಯಿಂದಾಚೆಗೆ ಇರಿಸಿದೆ. ಆದುದರಿಂದ ಚಿಕ್ಕ ಮಕ್ಕಳ ಪಾಲಿಗೆ ಮನೆಯೇ ಮೊದಲ ಶಾಲೆ.

ಇನ್ನೊಂದು ಆಟ. ಹದಿನಾರು ಹುಣಿಸೆ ಬೀಜಗಳನ್ನು ಸಾಲಾಗಿಡಿ. ಒಂದನ್ನು ಮನಸ್ಸಿನಲ್ಲೇ ಗುರುತಿಸಿಕೊಳ್ಳಿ. ಮಗು ಒಂದೊಂದನ್ನೇ ಕೇಳುತ್ತ ಹೋದರೆ ಹದಿನೈದು ಪ್ರಶ್ನೆಗಳಾದರೂ ಆಗಬಹುದು. "ಈ ಕಡೆಯ ಎಂಟರಲ್ಲಿದೆಯೆ?" ಎಂದು ಪ್ರತಿ ಸಲವೂ ಅರ್ಧಕ್ಕೆ ಇಳಿಸುತ್ತ ಬಂದರೆ ನಾಲ್ಕೇ ಪ್ರಶ್ನೆಗಳಲ್ಲಿ ಸಿಕ್ಕಿಬಿಡುತ್ತದೆ. ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕಲು ಕಂಪ್ಯೂಟರಿಗೂ ಇದೇ ಉಪಾಯವನ್ನು ಕಲಿಸುತ್ತಾರೆ.

ಈಗ ಮುಖ್ಯ ಮಾತಿಗೆ ಬರೋಣ. ಯಂತ್ರ ಹೇಳಿದ್ದನ್ನೇ ಮಾಡುತ್ತದೆ ಎಂದು ತಿಳಿದ ಮಗುವಿಗೆ ಅಪಾಯವನ್ನು ತಿಳಿಸುವುದು ಸುಲಭ. ತೆರೆಯ ಮೇಲಿನ "ಹೌದು" ಎಂಬ ಗುಂಡಿಯನ್ನು ಒತ್ತುವುದೂ ಒಂದು ಅಪ್ಪಣೆಯೇ. ಒತ್ತಿದ ಬೆರಳು ಮಗುವಿನದೋ ತಂದೆಯದೋ ಎಂದು ಯಂತ್ರ ವಿಚಾರಿಸುವುದಿಲ್ಲ. ಅಂಚೆಗೆ ಹಾಕಿದ ಕಾಗದ ಒಂದೇ. ಫೋನಿನಲ್ಲಿ ಕಳುಹಿಸಿದ ಚಿತ್ರ ಮಾತ್ರ ಎಷ್ಟು ಪ್ರತಿಗಳಾಗಿ ಎಲ್ಲೆಲ್ಲಿ ಉಳಿಯುವುದೋ ಹೇಳಲಾಗದು. ಆಚೆಯವನು ತೋರಿಸುವ ಹೆಸರು, ಮುಖ, ವಯಸ್ಸು ಸುಳ್ಳಾಗಿರಬಹುದು.

ಚಿಕ್ಕ ಮಕ್ಕಳಿಗೆ ಹತ್ತಾರು ನಿಯಮಗಳು ನೆನಪಿರುವುದಿಲ್ಲ, ನಾಲ್ಕು ಸಾಕು:

1. ಹೊಸದೇನನ್ನಾದರೂ ಒತ್ತುವ ಮೊದಲು ದೊಡ್ಡವರನ್ನು ಕೇಳಬೇಕು.

2. ಹೆಸರು, ಮನೆ, ಶಾಲೆ, ಫೋಟೋ ಇವನ್ನು ಮನೆಯವರನ್ನು ಕೇಳದೆ ಯಾರಿಗೂ ಕೊಡಬಾರದು.

3. ಫೋನಿಗೆ ಬರುವ ಓ.ಟಿ.ಪಿ. ಅಂಕಿಗಳನ್ನು ಯಾರು ಕೇಳಿದರೂ ಓದಿ ಹೇಳಬಾರದು.

4. "ಮನೆಯಲ್ಲಿ ಹೇಳಬೇಡ" ಎಂದು ಯಾರಾದರೂ ಹೇಳಿದರೆ, ಆ ಮಾತನ್ನೇ ಮೊದಲು ಮನೆಯಲ್ಲಿ ಹೇಳಬೇಕು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಅದನ್ನು ನಡೆಸಿಕೊಡುವ ಹೊಣೆ ಮಗುವಿಗಿಂತ ನಮ್ಮದು. ಹೆದರಿಸುವ ಚಿತ್ರ ಕಂಡಿತೆಂದು ಓಡಿಬಂದ ಮಗುವಿನಿಂದ ಫೋನನ್ನು ಕಿತ್ತುಕೊಂಡು ಎರಡು ಬಾರಿಸಿದರೆ, ಮುಂದಿನ ಸಲ ಅದು ಓಡಿಬರುವುದಿಲ್ಲ. ಮಕ್ಕಳನ್ನು ಬಲೆಗೆ ಹಾಕುವವರಿಗೆ ಬೇಕಾಗಿರುವುದೂ ಆ ಮೌನವೇ. "ಹೇಳಿದ್ದು ಒಳ್ಳೆಯದಾಯಿತು" ಎಂಬ ಒಂದು ಮಾತು ಯಾವ ಬೀಗಕ್ಕಿಂತಲೂ ಗಟ್ಟಿ.

ದೊಡ್ಡವರು ಪಾಲಿಸಬೇಕಾದುವೂ ಇವೆ. ಹಣ ಕಳುಹಿಸುವ ಪಿನ್ ಅಂಕಿಗಳನ್ನು ಮಗುವಿನ ಕೈಯಿಂದ ಒತ್ತಿಸಬಾರದು. ಹಣ ಪಡೆಯುವುದಕ್ಕೆ ಯು.ಪಿ.ಐ. ಪಿನ್ ಎಂದಿಗೂ ಬೇಕಾಗುವುದಿಲ್ಲ. "ಬಹುಮಾನ ಬಂದಿದೆ, ಪಿನ್ ಒತ್ತಿ" ಎಂದವನು ಮೋಸಗಾರನೇ. ಆಟಗಳೊಳಗೆ ವಸ್ತು ಕೊಳ್ಳುವಾಗ ಪ್ರತಿ ಸಲವೂ ಗುಪ್ತಪದ ಕೇಳುವಂತೆ ಫೋನನ್ನು ಹೊಂದಿಸಿಡಬೇಕು. ಮಗು ಫೋನು ನೋಡುವುದು ಹೊದಿಕೆಯೊಳಗಲ್ಲ, ಎಲ್ಲರ ನಡುವೆ. ಇರುವುದೊಂದೇ ಖೋಲಿ ಎಂದು ಕೊರಗುವ ನಮಗೆ ಈ ಒಂದು ವಿಷಯದಲ್ಲಿ ಅದು ಅನುಕೂಲವೇ ಸರಿ.

ಇಷ್ಟಾದರೂ ಕೆಟ್ಟದ್ದು ಸಂಭವಿಸಿದರೆ ನಾಚಿಕೊಂಡು ಕೂಡಬಾರದು. ಹಣ ಹೋದರೆ ಕೂಡಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಬೇಗ ಬೇಗ ಸಾಗಿಬಿಡುವುದರಿಂದ, ದೂರು ಎಷ್ಟು ಬೇಗ ಹೋದರೆ ತಡೆಯುವ ಸಂಭವ ಅಷ್ಟು ಹೆಚ್ಚು. ಮಗುವನ್ನು ಯಾರಾದರೂ ಪೀಡಿಸುತ್ತಿದ್ದರೆ 1098 ಇದೆ. ಅದು ಮಕ್ಕಳ ಸಹಾಯಕ್ಕಾಗಿಯೇ ಹಗಲು ರಾತ್ರಿ ತೆರೆದಿರುವ ಉಚಿತ ಸಂಖ್ಯೆ. ಬಂದ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು, ಅವೇ ಸಾಕ್ಷಿ. ಈ ಎರಡು ಸಂಖ್ಯೆಗಳನ್ನು ಮನೆಯ ಪಂಚಾಂಗದ ಪಕ್ಕದಲ್ಲಿ ಬರೆದಿಡಿರೆಂದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.

ಪಾಳಿ ಮುಗಿಸಿ ದಣಿದು ಬಂದವರಿಗೆ ಇದೊಂದು ಹೊಸ ಹೊರೆಯೆನಿಸಬಹುದು. ಆದರೆ ಇದಕ್ಕೆ ಬೇಕಾದದ್ದು ದಿನಕ್ಕೆ ಹತ್ತು ನಿಮಿಷ, ಒಂದು ಹಿಡಿ ಹುಣಿಸೆ ಬೀಜ, ಮತ್ತು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವ ಮನಸ್ಸು.